ಅಕ್ಷಯ ಕೇಂದ್ರದ ಕೌಂಟರಿನಿಂದ ಶಿಕ್ಷಣ ಇಲಾಖೆಗೆ: ಆಪ್ಷನ್ ಹಾಕುವ ಮೊದಲು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಯಾರಾದ್ರೂ ಹೇಳಿ

ಕೇರಳದ ಸಾರ್ವಜನಿಕ ಶಿಕ್ಷಣ ನಿರ್ದೇಶಕರಿಗೆ, ಕಾಸರಗೋಡಿನ ಶಿಕ್ಷಣ ಉಪನಿರ್ದೇಶಕರಿಗೆ, ಮತ್ತೆ ನಮ್ಮ ಊರಿನ ಹತ್ತನೇ ಕ್ಲಾಸ್ ಮಕ್ಕಳ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ಮೊದಲೇ ಹೇಳಿಬಿಡ್ತೇನೆ, ನಾನು ಟೀಚರೂ ಅಲ್ಲ, ಕೌನ್ಸಿಲರೂ ಅಲ್ಲ. ಬದಿಯಡ್ಕ ಹತ್ತಿರದ ಒಂದು ಅಕ್ಷಯ ಕೇಂದ್ರದಲ್ಲಿ 11 ವರ್ಷದಿಂದ ಕೆಲಸ ಮಾಡ್ತಾ ಇದ್ದೇನೆ. ಆಧಾರ್ ತಿದ್ದುಪಡಿ, ರೇಷನ್ ಕಾರ್ಡಿಗೆ ಹೆಸರು ಸೇರಿಸುದು, ಪೆನ್ಷನ್ ಮಸ್ಟರಿಂಗ್, ವಿಲೇಜ್ ಆಫೀಸಿನ ಸರ್ಟಿಫಿಕೇಟು, ನಮ್ಮ ಕೆಲಸ ಇದೇ. ಆದ್ರೆ ಮೇ ತಿಂಗಳಲ್ಲಿ ಎಸ್ಸೆಸೆಲ್ಸಿ ರಿಸಲ್ಟ್ ಬಂದು ಪ್ಲಸ್ ವನ್ನಿನ (ಹನ್ನೊಂದನೇ ಕ್ಲಾಸಿನ) ಏಕಜಾಲಕ, ಅಂದ್ರೆ ಬೇಕಾದ ಶಾಲೆ, ಕಾಂಬಿನೇಶನನ್ನು ಆಪ್ಷನ್ ಅಂತ ಕ್ರಮವಾಗಿ ಹಾಕುವ ಒಂದೇ ಆನ್‌ಲೈನ್ ಅರ್ಜಿ, ಶುರುವಾಯ್ತು ಅಂದ್ರೆ ಆಮೇಲೆ ಕೆಲವು ದಿನ ನಮ್ಮದು ಶಾಲೆಯ ಜಗಲಿ ಇದ್ದ ಹಾಗೆ ಆಗ್ತದೆ, ಮಕ್ಕಳು, ಅವರ ಅಮ್ಮಂದಿರು, ಬಗಲಲ್ಲಿ ಒಂದು ಪ್ಲಾಸ್ಟಿಕ್ ಫೈಲು, ಅದರೊಳಗೆ ರಿಸಲ್ಟಿನ ಪ್ರಿಂಟು, ಆಧಾರ್, ರೇಷನ್ ಕಾರ್ಡಿನ ಜೆರಾಕ್ಸು. ಮತ್ತೆ ನಾನು ಕುರ್ಚಿಯಲ್ಲಿ ಕೂತು ಅವರ ಮುಂದಿನ ದಾರಿ ಯಾವುದು ಅಂತ ಕ್ಲಿಕ್ ಮಾಡುದು. ಹೌದು, ನಾನೇ. ಅದಕ್ಕೇ ಈ ಪತ್ರ.

ಹೋದ ವರ್ಷದ್ದು ಒಂದು ಹೇಳ್ತೇನೆ. ಮಧ್ಯಾಹ್ನ ಎರಡು ಗಂಟೆ ಆಗಿರ್ಬೇಕು, ಊಟಕ್ಕೂ ಎದ್ದಿರ್ಲಿಲ್ಲ. ಒಬ್ಬ ಹುಡುಗ, ಜೊತೆಗೆ ಅವನ ಅಮ್ಮ. ಅಮ್ಮ ಬೀಡಿ ಕಟ್ಟುವವರು, ಉಗುರಿನ ಸಂದಿಯಲ್ಲಿ ಹೊಗೆಸೊಪ್ಪಿನ ಪುಡಿ ಇನ್ನೂ ಇತ್ತು. ಅಪ್ಪ ಬೆಂಗಳೂರಲ್ಲಿ ಬೇಕರಿಯಲ್ಲಿ. ಒಟಿಪಿ ಬರುದು ಅಪ್ಪನ ಫೋನಿಗೆ, ಅವರು ಓವನ್ ಹತ್ತಿರ, ಫೋನ್ ಎತ್ತುದಿಲ್ಲ. ಮೂರು ಸಲ ಒಟಿಪಿಯ ಟೈಮು ಮುಗೀತು. ಆ ಹೊತ್ತಲ್ಲಿ ನಾನು ಹುಡುಗನ ಹತ್ರ ಕೇಳಿದೆ, ನಿಂಗೆ ಎಂತ ಕಲೀಲಿಕ್ಕೆ ಇಷ್ಟ ಅಂತ. ಅವ ಅಮ್ಮನ ಮುಖ ನೋಡಿದ. ಅಮ್ಮ ನನ್ನ ಮುಖ ನೋಡಿದ್ರು. "ಈರೇ ಒಂಜಿ ಎಡ್ಡೆನವು ತೂದು ಪಾಡ್ಲೆ ಅಕ್ಕ" ಅಂದ್ರು. ನೀವೇ ಒಂದು ಒಳ್ಳೆದು ನೋಡಿ ಹಾಕಿ ಅಂತ. ಹೋಟೆಲಲ್ಲಿ ಮೀನು ಆರಿಸಿದ ಹಾಗೆ.

ಅವರ ತಪ್ಪು ಅಂತ ಹೇಳುದಲ್ಲ. ಅವರಿಗೆ ಯಾರು ಹೇಳಿದ್ದಾರೆ? ಪ್ರಾಸ್ಪೆಕ್ಟಸ್ಸಿನಲ್ಲಿ ನಲ್ವತ್ತಕ್ಕೂ ಮಿಕ್ಕಿ ಕಾಂಬಿನೇಶನ್ ಉಂಟು, ಪ್ರತಿಯೊಂದಕ್ಕೂ ಒಂದು ನಂಬ್ರ, ಪ್ರತಿ ಶಾಲೆಗೊಂದು ಕೋಡು. ನಮ್ಮ ಊರಲ್ಲಿ ಅದಕ್ಕೆಲ್ಲ ಒಟ್ಟು ಹೆಸರು ಮೂರೇ, ಸಯನ್ಸು, ಕಾಮರ್ಸು, ಹ್ಯುಮಾನಿಟೀಸು. ಅದರಲ್ಲೂ ಸಯನ್ಸ್ ಅಂದ್ರೆ ಬುದ್ಧಿ ಇದ್ದವರಿಗೆ, ಕಾಮರ್ಸ್ ಅಂದ್ರೆ ನಡುವಿನವರಿಗೆ, ಹ್ಯುಮಾನಿಟೀಸ್ ಅಂದ್ರೆ ಹಾಳಾಗಿ ಹೋದವರಿಗೆ. ನನ್ನ ಮಾವ ಕಾಸರಗೋಡು ಗವರ್ಮೆಂಟ್ ಕಾಲೇಜಲ್ಲಿ ಪ್ರಿ-ಡಿಗ್ರಿ ಕಲಿತವರು, ಅವರ ಕಾಲದಲ್ಲಿ ಫಸ್ಟ್ ಗ್ರೂಪ್ ಸೆಕೆಂಡ್ ಗ್ರೂಪ್ ಅಂತಿತ್ತಂತೆ. ಪ್ರಿ-ಡಿಗ್ರಿ ಹೋಗಿ ಪ್ಲಸ್ ಟು ಬಂದು ಇಷ್ಟು ವರ್ಷ ಆಯ್ತು, ಅವರು ಇನ್ನೂ ನೆಂಟರ ಮಕ್ಕಳಿಗೆ ಫಸ್ಟ್ ಗ್ರೂಪ್ ತಗೊಳ್ಳು ಅಂತ್ಲೇ ಹೇಳುದು. ನಮ್ಮಲ್ಲಿ ಕರಿಯರ್ ಗೈಡೆನ್ಸ್ ಅಂದ್ರೆ ಇಂಥ ಒಬ್ಬ ಮಾವ.

ಈಗ ಆ ಹುಡುಗಿಯ ವಿಷಯ, ನನಗೆ ಈಗ್ಲೂ ಮನಸ್ಸಿಗೆ ಬೇಜಾರಾಗುದು ಅದು. ನಾಲ್ಕೈದು ವರ್ಷ ಹಿಂದೆ ಬಂದಿದ್ಲು. ಚುರುಕು ಹುಡುಗಿ, ಕನ್ನಡ ಮೀಡಿಯಂ, ಹತ್ತು ವಿಷಯದಲ್ಲಿ ಎಂಟು ಎ ಪ್ಲಸ್. ಹತ್ತಿರದ ಶಾಲೆಯಲ್ಲಿ ಫಿಸಿಕ್ಸ್ ಕೆಮಿಸ್ಟ್ರಿ ಮ್ಯಾತ್ಸ್ ಜೊತೆ ಕಂಪ್ಯೂಟರ್ ಸಯನ್ಸ್ ಇತ್ತು, ಬಯಾಲಜಿ ಇರುವ ಬ್ಯಾಚಿಗೆ ಎರಡು ಬಸ್ ಬದಲಿಸಿ ಹೋಗ್ಬೇಕು. "ಕಂಪ್ಯೂಟರ್ ಇದ್ರೆ ಈಗ ಒಳ್ಳೆದಲ್ವಾ ಅಕ್ಕ" ಅಂತ ಅವಳ ಅಮ್ಮ ಕೇಳಿದ್ರು, ನಾನು ಹೌದು ಅಂದೆ. ಅವಳು ಎಂತ ಆಗ್ಬೇಕು ಅಂತ ನಾನು ಕೇಳ್ಲಿಲ್ಲ. ಕ್ಯೂ ಹೊರಗೆ ರಸ್ತೆವರೆಗೆ ಇತ್ತು. ಎರಡು ವರ್ಷ ಬಿಟ್ಟು ಅದೇ ಹುಡುಗಿ ನರ್ಸಿಂಗಿಗೆ ಅರ್ಜಿ ಹಾಕ್ಲಿಕ್ಕೆ ಬಂದ್ಲು. ಬಿಎಸ್ಸಿ ನರ್ಸಿಂಗಿಗೆ ಬಯಾಲಜಿ ಬೇಕೇ ಬೇಕು. ಕೇರಳದಲ್ಲಿ ಎಲ್‌ಬಿಎಸ್ ಸೆಂಟರಿನವರು ಪ್ಲಸ್ ಟು ಮಾರ್ಕ್ ನೋಡಿ ಅಲಾಟ್ಮೆಂಟ್ ಮಾಡ್ತಾರೆ, ಇವಳಿಗೆ ಮಾರ್ಕ್ ಇತ್ತು, ಆದ್ರೆ ಬಯಾಲಜಿ ಎನ್ನುವ ಕಾಲಮ್ಮಿನಲ್ಲಿ ತುಂಬಿಸ್ಲಿಕ್ಕೆ ಏನೂ ಇಲ್ಲ. ಚಿಕ್ಕಂದಿನಿಂದ ನರ್ಸ್ ಆಗ್ಬೇಕು ಅಂತ ಇದ್ದವಳಂತೆ, ಅವಳ ಅಜ್ಜಿ ಎರಡು ವರ್ಷ ಮಲಗಿದಲ್ಲೇ ಇದ್ದಾಗ ನೋಡಿಕೊಂಡದ್ದು ಇವಳೇ ಅಂತೆ. ಇದೆಲ್ಲ ನನಗೆ ಆವತ್ತೇ ಗೊತ್ತಾದದ್ದು. ಕೊನೆಗೆ ಮಂಗಳೂರಲ್ಲಿ ಜನರಲ್ ನರ್ಸಿಂಗಿಗೆ ಸೇರಿದ್ಲು, ಪ್ರೈವೇಟ್, ಫೀಸು ಕಟ್ಲಿಕ್ಕೆ ಅಪ್ಪ ಸಾಲ ಮಾಡಿದ್ರು. ಅವಳು ನನ್ನನ್ನು ಬೈಲಿಲ್ಲ, ಒಂದು ಮಾತೂ ಹೇಳ್ಲಿಲ್ಲ. ಬೈದಿದ್ರೆ ಒಳ್ಳೆದಿತ್ತು.

ನೀವು ಹೇಳ್ಬಹುದು, ಹಯರ್ ಸೆಕೆಂಡರಿಯಲ್ಲಿ ಕರಿಯರ್ ಗೈಡೆನ್ಸ್ ಎಂಡ್ ಅಡೋಲಸೆಂಟ್ ಕೌನ್ಸಿಲಿಂಗ್ ಸೆಲ್ ಉಂಟಲ್ಲ, ಕರಿಯರ್ ಗೈಡ್ ಅಂತ ಟೀಚರುಗಳು ಇದ್ದಾರಲ್ಲ ಅಂತ. ಉಂಟು, ಇಲ್ಲ ಅಂತ ನಾನು ಹೇಳುದಿಲ್ಲ, ಬೇರೆ ಎಷ್ಟೋ ಕಡೆ ಇಷ್ಟೂ ಇಲ್ಲ ಅಂತ ಗೊತ್ತುಂಟು. ನಮ್ಮ ತೊಂದ್ರೆ ಎರಡು. ಒಂದು, ಆ ಟೀಚರುಗಳು ಇರುದು ಪ್ಲಸ್ ವನ್ ಪ್ಲಸ್ ಟುವಿನ ಕಟ್ಟಡದಲ್ಲಿ, ಮಗು ಆ ಕಟ್ಟಡಕ್ಕೆ ಹತ್ತುವಾಗ ಕಾಂಬಿನೇಶನ್ ಫಿಕ್ಸ್ ಆಗಿಯೇ ಹತ್ತುದು. ಹೈಸ್ಕೂಲಿನ ಮಗುವಿಗೆ ಸಿಗುದು ರಿಸಲ್ಟಿನ ಹೊತ್ತಿಗೆ ಒಂದು ಅರ್ಧ ದಿನದ ಕ್ಲಾಸು. ಎರಡನೇದ್ದು, ನಮ್ಮ ಕಡೆ ನಾನು ನೋಡಿದ ಮಟ್ಟಿಗೆ ಆ ಕ್ಲಾಸೂ ಮಲಯಾಳದಲ್ಲಿ, ಸ್ಲೈಡೂ ಮಲಯಾಳದಲ್ಲಿ. ಮಕ್ಕಳಿಗೆ ಮಲಯಾಳ ಸ್ವಲ್ಪ ಬರ್ತದೆ, ಟಿವಿ ನೋಡಿ, ಬಸ್ಸಲ್ಲಿ ಕೇಳಿ, ಕ್ರಿಕೆಟ್ ಆಡಿ. ಆದ್ರೆ ಹಿಂದಿನ ಬೆಂಚಲ್ಲಿ ಕೂತ ಅಪ್ಪನಿಗೆ? ಅವರು ಓದುದು ಕನ್ನಡ ಪೇಪರ್, ಮನೆಯಲ್ಲಿ ತುಳುವೋ ಹವ್ಯಕವೋ ಮರಾಟಿಯೋ ಬ್ಯಾರಿಯೋ. ಅವರು ತಲೆ ಆಡಿಸ್ತಾರೆ, ಚಾ ಕುಡೀತಾರೆ, ಮನೆಗೆ ಹೋಗ್ತಾರೆ. ಮರುದಿನ ನನ್ನ ಹತ್ರ ಬಂದು "ನಿನ್ನೆ ಎಂತೆಲ್ಲ ಹೇಳಿದ್ರು ಮಾರಾಯ್ರೆ, ಎಂತದೂ ತಲೆಗೆ ಹೋಗ್ಲಿಲ್ಲ" ಅಂತಾರೆ.

ಇಲ್ಲಿ ಭಾಷೆಯ ಜಗಳ ತೆಗಿಲಿಕ್ಕೆ ನಾನು ಬಂದದ್ದಲ್ಲ. 1956ರ ನವಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ್ದರ ಭಾಷಣ ಕೇಳಿ ಕೇಳಿಯೇ ಬೆಳೆದವರು ನಾವು, ವರ್ಷಕ್ಕೊಮ್ಮೆ ಕೇಳಿದ್ರೆ ಸಾಕು. ಆದ್ರೆ 1969ರ ಕೇರಳದ ಆಡಳಿತ ಭಾಷಾ ಕಾಯ್ದೆಯಲ್ಲೇ ಉಂಟು, ಇಲ್ಲಿಯ ಕನ್ನಡದವರು ತಮಿಳಿನವರು ಸರಕಾರದ ಜೊತೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡ್ಬಹುದು ಅಂತ. ನಾನು ಈ ಪತ್ರ ಕನ್ನಡದಲ್ಲಿ ಬರೀಲಿಕ್ಕೆ ಧೈರ್ಯ ಬಂದದ್ದೂ ಹಾಗೆ. ಒಂದು ಪಿಂಚಣಿ ಅರ್ಜಿಗೆ ಕನ್ನಡ ನಡೀತದೆ ಅಂತಾದ್ರೆ ಹದಿನೈದು ವರ್ಷದ ಮಗುವಿಗೆ "ನಿನ್ನ ಮುಂದೆ ಇಷ್ಟು ದಾರಿ ಉಂಟು" ಅಂತ ಹೇಳ್ಲಿಕ್ಕೆ ಕನ್ನಡ ಯಾಕೆ ಆಗ್ಬಾರ್ದು?

ನನ್ನದೇ ಕಥೆಯೂ ಬೇರೆ ಅಲ್ಲ. ಹತ್ತರಲ್ಲಿ ಒಳ್ಳೆ ಗ್ರೇಡ್ ಬಂತು. ಆಗ ಒಬ್ಬರು ಮಾಸ್ಟ್ರು (ಒಳ್ಳೆಯವರೇ, ನನ್ನ ಮೇಲೆ ಪ್ರೀತಿ ಇದ್ದವರು) "ಇಷ್ಟು ಮಾರ್ಕ್ ಇಟ್ಟುಕೊಂಡು ಸಯನ್ಸ್ ತಗೊಳ್ಳದಿದ್ರೆ ವೇಸ್ಟ್" ಅಂದ್ರು. ನಾಲ್ಕೂ ತಗೊಂಡೆ, ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿ ಮ್ಯಾತ್ಸ್. ಹತ್ತನೇವರೆಗೆ ವೇಗೋತ್ಕರ್ಷ ಅಂತ ಕಲಿತವಳು, ಪ್ಲಸ್ ವನ್ನಿನ ಮೊದಲ ವಾರ ಸರ್ ಬೋರ್ಡಿನಲ್ಲಿ ಆಕ್ಸಲರೇಷನ್ ಅಂತ ಬರೆದಾಗ ಇದು ಹೊಸತು ಎಂತದೋ ಅಂತ ಗ್ರಹಿಸಿ ಮೂರು ದಿನ ಕೂತಿದ್ದೆ. ಎರಡೂ ಒಂದೇ ಅಂತ ಗೊತ್ತಾಗುವಾಗ ಪಾಠ ಮುಂದೆ ಹೋಗಿ ಆಗಿತ್ತು. ಪ್ರತ್ಯಾಮ್ಲ ಅಂದ್ರೆ ಬೇಸ್, ದ್ಯುತಿಸಂಶ್ಲೇಷಣೆ ಅಂದ್ರೆ ಫೋಟೋಸಿಂಥಸಿಸ್, ನೋಟ್‌ಬುಕ್ಕಿನ ಕೊನೆಯ ಪೇಜಿನಲ್ಲಿ ನಾನೇ ಒಂದು ಡಿಕ್ಷನರಿ ಮಾಡಿಕೊಂಡಿದ್ದೆ. ಮ್ಯಾತ್ಸ್ ಫೈಲ್. ಸೇ ಪರೀಕ್ಷೆ (ಫೈಲಾದವರಿಗೆ ಇರುವ ಮರುಪರೀಕ್ಷೆ) ಬರೆದು ಪಾಸಾದದ್ದು. ಆಮೇಲೆ ಡಿಸ್ಟೆನ್ಸಲ್ಲಿ ಬಿಕಾಂ ಮಾಡಿದೆ, ಆಗ ಗೊತ್ತಾಯ್ತು ನನಗೆ ಲೆಕ್ಕಪತ್ರ ಅಂದ್ರೆ ಭಾರೀ ಖುಷಿ ಅಂತ. ಡೆಬಿಟ್ಟು ಕ್ರೆಡಿಟ್ಟು ತಾಳೆ ಆಗುವಾಗ ಯಕ್ಷಗಾನದಲ್ಲಿ ಚೆಂಡೆ ಏರಿದ ಹಾಗೆ ಆಗ್ತದೆ ನನಗೆ, ನಗಾಡ್ಬೇಡಿ. ಅದನ್ನು ನನಗೆ ಹದಿನೈದರಲ್ಲಿ ಯಾರಾದ್ರೂ ತೋರಿಸಿದ್ರೆ? ಕಾಮರ್ಸಿನ ಒಂದು ಪುಸ್ತಕ ಕೈಯಲ್ಲಿ ಹಿಡಿದು ನೋಡ್ಲಿಕ್ಕಾದ್ರೂ ಕೊಟ್ಟಿದ್ರೆ?

ಸಯನ್ಸ್ ತಗೊಳ್ಬೇಡಿ ಅಂತ ನಾನು ಹೇಳುದಲ್ಲ, ತಪ್ಪು ತಿಳೀಬೇಡಿ. ಯಾಕೆ ತಗೊಳ್ಳುದು ಅಂತ ಗೊತ್ತಿದ್ದು ತಗೊಳ್ಳಿ. ಇಂಜಿನಿಯರಿಂಗ್ ಬೇಕಾದ್ರೆ ಫಿಸಿಕ್ಸ್ ಮ್ಯಾತ್ಸ್ ಬೇಕು, ಬಯಾಲಜಿ ಬೇಡ. ಎಂಬಿಬಿಎಸ್ಸಿಗೆ ನೀಟ್, ನೀಟಿಗೆ ಬಯಾಲಜಿ ಬೇಕು, ಮ್ಯಾತ್ಸ್ ಬೇಡ. ಎರಡೂ ಬಾಗಿಲು ತೆರೆದಿರ್ಲಿ ಅಂತ ನಾಲ್ಕೂ ತಗೊಂಡು ನನ್ನ ಹಾಗೆ ಮ್ಯಾತ್ಸಲ್ಲಿ ಬೀಳುವವರು ಪ್ರತಿ ವರ್ಷ ಇದ್ದಾರೆ. ಅಗ್ರಿಕಲ್ಚರ್ ಬೇಕಾದ್ರೆ ನಮ್ಮದೇ ಜಿಲ್ಲೆಯ ಪಡನ್ನಕ್ಕಾಡಿನಲ್ಲಿ ಕಾಲೇಜ್ ಉಂಟು, ಅಡಿಕೆ ತೋಟದ ನಡುವೆ ಬೆಳೆದ ಮಕ್ಕಳಲ್ಲಿ ಎಷ್ಟು ಜನರಿಗೆ ಅದು ಗೊತ್ತುಂಟು? ಕೂಡ್ಲಿನ ಸಿಪಿಸಿಆರ್ಐ (ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಗೇಟಿನ ಎದುರು ದಿನಾ ಬಸ್ಸಲ್ಲಿ ಹೋಗುವ ಮಕ್ಕಳ ಹತ್ರ ಕೇಳಿ, ಅದರೊಳಗೆ ಕೆಲಸ ಮಾಡುವವರು ಎಂತ ಕಲಿತಿದ್ದಾರೆ ಅಂತ. 1916ರಲ್ಲಿ ತೆಂಗಿನ ಸಂಶೋಧನೆ ಶುರುವಾದ ಜಾಗ ಅದು. ಮಕ್ಕಳಿಗೆ ಅದು ಒಂದು ಉದ್ದದ ಕಂಪೌಂಡು ಗೋಡೆ, ಅಷ್ಟೇ.

ಪೋಲಿಟೆಕ್ನಿಕ್ಕಿನದ್ದೂ ಹಾಗೆಯೇ. ಹತ್ತನೇ ಆದ ಕೂಡ್ಲೆ ಮೂರು ವರ್ಷದ ಡಿಪ್ಲೊಮಾಕ್ಕೆ ಹೋಗ್ಬಹುದು ಅಂತ ಗೊತ್ತಿಲ್ಲದೆ ಪ್ಲಸ್ ಟು ಕಾಮರ್ಸ್ ಮುಗಿಸಿ ಬಂದು "ಅಕ್ಕ ಪೋಲಿಗೆ ಹಾಕ್ಬೇಕು" ಅನ್ನುವವರು ಇದ್ದಾರೆ. ಆಗ ತಮಗಿಂತ ಎರಡು ವರ್ಷ ಸಣ್ಣ ಮಕ್ಕಳ ಜೊತೆ ಕೂರ್ಬೇಕು. ಐಟಿಐ ಅಂದ್ರೆ ಮುಖ ಸಣ್ಣ ಮಾಡ್ತಾರೆ, ಗಲ್ಫಿಗೆ ಹೋಗುವಾಗ ಅದೇ ಸರ್ಟಿಫಿಕೇಟ್ ಬೇಕು ಅಂತ ಓಡಿ ಬರ್ತಾರೆ.

ಹ್ಯುಮಾನಿಟೀಸಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು ನನಗೆ, ಇದು ಇಲಾಖೆಗಿಂತ ನಮ್ಮ ಅಪ್ಪ ಅಮ್ಮಂದಿರಿಗೆ. ಪ್ರಾಸ್ಪೆಕ್ಟಸ್ಸಲ್ಲಿ ಹಿಸ್ಟರಿ, ಇಕನಾಮಿಕ್ಸ್, ಪೊಲಿಟಿಕಲ್ ಸಯನ್ಸ್ ಜೊತೆ ಕನ್ನಡವನ್ನೇ ಒಂದು ಆಪ್ಷನಲ್ ಸಬ್ಜೆಕ್ಟಾಗಿ ತಗೊಳ್ಳುವ ಕಾಂಬಿನೇಶನ್ನೂ ಉಂಟು. ಪ್ಲಸ್ ಟು ಆದ್ಮೇಲೆ ನಮ್ಮ ಮಾಯಿಪ್ಪಾಡಿಯ ಡಯಟ್‌ನಲ್ಲಿ ಕನ್ನಡದಲ್ಲೇ ಟೀಚರ್ ಟ್ರೈನಿಂಗ್ ಉಂಟು. ಟೀಚರ್ ಆಗ್ಲಿಕ್ಕೆ ಬೇಕಾದ ಕೆ-ಟೆಟ್ ಪರೀಕ್ಷೆ ಕನ್ನಡದಲ್ಲೂ ಬರೀಬಹುದು. ಪಿಎಸ್ಸಿಯಲ್ಲಿ ಎಲ್‌ಪಿ, ಯುಪಿ (ಕೆಳಗಿನ ಮತ್ತೆ ಮೇಲಿನ ಪ್ರೈಮರಿ) ಕನ್ನಡ ಮೀಡಿಯಂ ಟೀಚರಿನ ಹುದ್ದೆ ಬೇರೆಯೇ ಕರೀತಾರೆ, ಹೈಸ್ಕೂಲಿಗೆ ಕನ್ನಡ ಟೀಚರ್ ಬೇರೆ, ಕನ್ನಡ ಮಲಯಾಳ ಎರಡೂ ಬರುವ ಕ್ಲರ್ಕಿನ ಪೋಸ್ಟ್ ಬೇರೆ. ತಿರುವನಂತಪುರದಿಂದ ತ್ರಿಶೂರಿನವರೆಗೆ ಫುಲ್ ಎ ಪ್ಲಸ್ ತೆಗೆದ ಎಷ್ಟು ಮಕ್ಕಳು ಬಂದ್ರೂ ಈ ಲಿಸ್ಟಿಗೆ ಕೈ ಹಾಕ್ಲಿಕ್ಕೆ ಆಗುದಿಲ್ಲ, ಕನ್ನಡ ಬರ್ಬೇಕು. ಇಷ್ಟಿದ್ದೂ ನಾವು ಎಂತ ಮಾಡ್ತೇವೆ? ಕನ್ನಡ ಶಾಲೆಗೆ ಕನ್ನಡ ಬಾರದ ಟೀಚರ್ ಬಂದ್ರು ಅಂತ ಗೇಟಿನ ಎದುರು ಧರಣಿ ಕೂರ್ತೇವೆ, ಕೂರ್ಬೇಕಾದ್ದೇ, ನಾನೂ ಒಮ್ಮೆ ಹೋಗಿ ಕೂತಿದ್ದೇನೆ. ಆದ್ರೆ ಕನ್ನಡ ಟೀಚರ್ ಆಗ್ಬೇಕಾಗಿದ್ದ ಹುಡುಗನನ್ನು, ತಾಳಮದ್ದಳೆಯಲ್ಲಿ ಅರ್ಥ ಹೇಳುವ ಹುಡುಗನನ್ನು, "ಹ್ಯುಮಾನಿಟೀಸ್ ತಗೊಂಡ್ರೆ ಜನ ಎಂತ ಹೇಳ್ಬಹುದು" ಅಂತ ಹೆದರಿ ಕಂಪ್ಯೂಟರ್ ಸಯನ್ಸಿಗೆ ಹಾಕಿಸುದೂ ನಾವೇ. ಈ ಕೈಯಿಂದ ಧರಣಿಯ ಬೋರ್ಡ್ ಹಿಡಿದವರೇ ಆ ಕೈಯಿಂದ ಮಗನ ಫೈಲ್ ಹಿಡ್ಕೊಂಡು ಬಂದದ್ದನ್ನು ನಾನು ನೋಡಿದ್ದೇನೆ. ಹೆಸರು ಹೇಳುದಿಲ್ಲ, ಓದಿದ್ರೆ ಅವರಿಗೆ ಗೊತ್ತಾಗ್ತದೆ.

ಇನ್ನೊಂದು ಯಾರೂ ನೋಡದ ವಿಷಯ, ಸೆಕೆಂಡ್ ಲ್ಯಾಂಗ್ವೇಜ್. ಪ್ಲಸ್ ವನ್ನಲ್ಲಿ ಇಂಗ್ಲಿಷ್ ಬಿಟ್ಟು ಒಂದು ಭಾಷೆ ತಗೊಳ್ಬೇಕು. ಎಲ್ಲ ಶಾಲೆಯಲ್ಲೂ ಕನ್ನಡ ಇರುದಿಲ್ಲ. ಯಾವ ಶಾಲೆಯಲ್ಲಿ ಯಾವ ಭಾಷೆ ಅಂತ ಲಿಸ್ಟಲ್ಲಿ ಉಂಟು, ಸಣ್ಣ ಅಕ್ಷರದಲ್ಲಿ, ಯಾರು ನೋಡ್ತಾರೆ? ಆಪ್ಷನ್ ಜಾಸ್ತಿ ಇರ್ಲಿ ಅಂತ ಜಿಲ್ಲೆಯ ದಕ್ಷಿಣದ ಕಡೆಯ ಶಾಲೆಗಳನ್ನೂ ಹಾಕಿ, ಅಲ್ಲಿಗೇ ಅಲಾಟ್ಮೆಂಟ್ ಬಂದು, ಹತ್ತು ವರ್ಷ ಕನ್ನಡದಲ್ಲಿ ಕಲಿತ ಮಗು ಹಿಂದಿಯೋ ಮಲಯಾಳವೋ ಹೊಸತಾಗಿ ಕೂತು ಬರೀಬೇಕು. ಕನ್ನಡದಲ್ಲಿ ಸಲೀಸಾಗಿ ಸಿಗ್ತಿದ್ದ ಎ ಪ್ಲಸ್ಸೂ ಹೋಯ್ತು.

ಆಪ್ಷನ್ ಹಾಕುವ ಕ್ರಮದ್ದೇ ಒಂದು ಪುರಾಣ ಉಂಟು. ನಮ್ಮವರ ಲೆಕ್ಕ ಎಂತ ಅಂದ್ರೆ, ಸಿಗುವ ಶಾಲೆಯನ್ನು ಮೊದಲು ಹಾಕ್ಬೇಕು, ಇಲ್ಲದಿದ್ರೆ ಅದೂ ಕೈ ತಪ್ತದೆ ಅಂತ. ಏಕಜಾಲಕ ನಡೆಯುದು ತಲೆಕೆಳಗೆ. ಮೊದಲ ಆಪ್ಷನ್ನೇ ಸಿಕ್ಕಿದ್ರೆ ಪರ್ಮನೆಂಟ್ ಅಡ್ಮಿಶನ್ ತಗೊಳ್ಬೇಕು, ಅಲ್ಲಿಗೆ ಮುಗೀತು, ಕೆಳಗೆ ಹಾಕಿದ್ದೆಲ್ಲ ತನ್ನಷ್ಟಕ್ಕೇ ಹೋಗ್ತದೆ. ಮನಸ್ಸಲ್ಲಿ ಇರುದನ್ನು ಮೇಲೆ ಹಾಕ್ಬೇಕು, ಸಿಗ್ಬಹುದಾದ್ದನ್ನು ಕೆಳಗೆ. ಕೆಳಗಿನದ್ದು ಸಿಕ್ಕಿದ್ರೆ ಟೆಂಪರರಿ ಅಡ್ಮಿಶನ್ ತಗೊಂಡು ಮುಂದಿನ ಅಲಾಟ್ಮೆಂಟಿಗೆ ಕಾಯ್ಬಹುದು. ಆದ್ರೆ ಸಿಕ್ಕಿದಲ್ಲಿಗೆ ಹೋಗಿ ಸೇರದೆ ಮನೆಯಲ್ಲಿ ಕೂತ್ರೆ ಲಿಸ್ಟಿಂದಲೇ ಹೊರಗೆ. ಅದೇ ಶಾಲೆ, ಅದೇ ಪಂಚಾಯತು, ಅದೇ ತಾಲೂಕು ಅಂತ ಬೋನಸ್ ಪಾಯಿಂಟ್ ಬೇರೆ ಉಂಟು. ಟ್ರಯಲ್ ಅಲಾಟ್ಮೆಂಟ್ ಬರುದೇ ತಪ್ಪು ಸರಿ ಮಾಡ್ಲಿಕ್ಕೆ, ಆಗ ಬಂದು ನೋಡುವವರು ನೂರಕ್ಕೆ ಹತ್ತೂ ಇಲ್ಲ ನಮ್ಮ ಕೇಂದ್ರದಲ್ಲಿ. ಜೂನಲ್ಲಿ ಮಳೆ ಹಿಡಿದು, ಕರೆಂಟ್ ಹೋಗಿ, ಸೈಟ್ ತಿರುಗ್ತಾ ತಿರುಗ್ತಾ ಇರುವಾಗ ಓಡಿ ಬರ್ತಾರೆ, "ಇದು ಬೇಡ ಅಕ್ಕ, ಬದಲಿಸ್ಲಿಕ್ಕೆ ಆಗ್ತದಾ" ಅಂತ.

ಇನ್ನು ಗಡಿಯಾಚೆಯ ಸಂಗತಿ. ನಮ್ಮ ಮಕ್ಕಳ ಕಾಲು ಯಾವತ್ತೂ ಎರಡು ದೋಣಿಯಲ್ಲಿ. ಪ್ಲಸ್ ಟು ಇಲ್ಲಿ, ಡಿಗ್ರಿ ಮಂಗಳೂರಲ್ಲಿ ಅಥವಾ ಪುತ್ತೂರಲ್ಲಿ, ಕೆಲವರಿಗೆ ಪಿಯುಸಿಯೇ ಆಚೆ. 2020ರಲ್ಲಿ ಕೊರೋನಾ ಸಮಯ ತಲಪಾಡಿ ಗಡಿಯಲ್ಲಿ ರಸ್ತೆಗೆ ಮಣ್ಣು ಹಾಕಿ ಮುಚ್ಚಿದಾಗ ಆಚೆ ಕಲಿಯುವ ಇಲ್ಲಿಯ ಮಕ್ಕಳಿಗೆ ಪರೀಕ್ಷೆ ಹೇಗೆ ಅಂತ ಊರಿಗೆ ಊರೇ ತಲೆ ಕೆಡಿಸಿಕೊಂಡಿತ್ತು, ಆಗ ಗೊತ್ತಾಗಿತ್ತು ಎಷ್ಟು ಮಕ್ಕಳು ದಿನಾ ದಾಟ್ತಾರೆ ಅಂತ. ಕೇರಳದ ಕರಿಯರ್ ಕ್ಲಾಸಿನವರು ಕೀಮ್ (ಕೇರಳದ ಎಂಟ್ರೆನ್ಸ್) ಹೇಳ್ತಾರೆ, ಕರ್ನಾಟಕದ ಸಿಇಟಿ ಹೇಳುದಿಲ್ಲ. ಅವರಿಗೆ ಅದು ಬೇರೆ ರಾಜ್ಯ. ಕರ್ನಾಟಕದವರಿಗೆ ನಾವು ಬೇರೆ ರಾಜ್ಯ. ಆದ್ರೆ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರು ಅಂತ ಒಂದು ಕ್ಲಾಸ್ ಉಂಟು, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನ ಹೆಸರು ಹಾಕಿಯೇ ಬರೆದಿದ್ದಾರೆ, ಸೊಲ್ಲಾಪುರ ಅಕ್ಕಲಕೋಟೆ ಜತ್ತದ ಮಕ್ಕಳಿಗೂ ಇದೇ ದಾರಿ. ಇಲ್ಲಿ ಕಲಿತ ಕನ್ನಡ, ತುಳು ಮನೆಮಾತಿನ ಮಕ್ಕಳು ಕರ್ನಾಟಕದ ಸೀಟಿಗೆ ಅರ್ಜಿ ಹಾಕ್ಬಹುದು, ಒಂದು ಕನ್ನಡ ಭಾಷಾ ಪರೀಕ್ಷೆ ಬರೀಬೇಕು. 2025ರಲ್ಲಿ ಏಪ್ರಿಲ್ 15ಕ್ಕೆ ಆ ಭಾಷಾ ಪರೀಕ್ಷೆ, 16 ಮತ್ತೆ 17ಕ್ಕೆ ಸಿಇಟಿ. ಅರ್ಜಿ ಹಾಕುದು ಅದಕ್ಕೂ ಎಷ್ಟೋ ಮೊದಲು, ನಮ್ಮ ಪ್ಲಸ್ ಟು ಮಕ್ಕಳು ಮೋಡೆಲ್ ಎಕ್ಸಾಂ ಪ್ರಾಕ್ಟಿಕಲ್ ಅಂತ ಓಡಾಡುವ ಹೊತ್ತಿಗೆ. ಎಲ್ಲ ಮುಗಿದು ಮೇ ತಿಂಗಳಲ್ಲಿ ಬಂದು "ಕರ್ನಾಟಕದ್ದೂ ಒಂದು ಹಾಕುವ ಅಕ್ಕ" ಅಂದ್ರೆ ನಾನು ಎಂತ ಹಾಕುದು?

ಕೋರ್ಸ್ ಒಂದೇ ಆದ್ರೂ ಬಾಗಿಲು ಬೇರೆ ಬೇರೆ ಅನ್ನುದೂ ಮಕ್ಕಳಿಗೆ ಗೊತ್ತಿಲ್ಲ. ಬಿಎಸ್ಸಿ ಅಗ್ರಿಕಲ್ಚರಿಗೆ ಕೇರಳದಲ್ಲಿ ನೀಟಿನ ಮಾರ್ಕು, ಅದಕ್ಕೆ ಕೀಮಿನ ಅರ್ಜಿಯನ್ನೂ ಟೈಮಿಗೆ ಸರಿಯಾಗಿ ಹಾಕಿರ್ಬೇಕು. ಕರ್ನಾಟಕದಲ್ಲಿ ಸಿಇಟಿ. ನರ್ಸಿಂಗಿಗೆ ಇಲ್ಲಿ ಪ್ಲಸ್ ಟು ಮಾರ್ಕ್, ಅಲ್ಲಿ ಸಿಇಟಿ. ನೀಟ್ ಕನ್ನಡದಲ್ಲಿ ಬರೀಬೇಕು ಅಂತಿದ್ರೆ ಸೆಂಟರ್ ಕರ್ನಾಟಕದಲ್ಲೇ ಹಾಕ್ಬೇಕು, ಕಾಸರಗೋಡಿನ ಸೆಂಟರಲ್ಲಿ ಕನ್ನಡದ ಪೇಪರ್ ಸಿಗುದಿಲ್ಲ. ಇನ್ನು ಕಣ್ಣೂರು ಯೂನಿವರ್ಸಿಟಿಯಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಬೇರೆ ಬಂದಿದೆ, ಮೇಜರು ಮೈನರು ಅಂತ. ಮೂರು ವರ್ಷಕ್ಕೆ ಹೊರಗೆ ಬರ್ಬಹುದು ಅಂತ ಹೇಳಿ ಹೇಳಿ ನನಗೆ ಸಾಕಾಯ್ತು, ಜನ ನಂಬುದೇ ಇಲ್ಲ.

ಸರ್, ಮೇಡಂ, ನಾನು ದೊಡ್ಡದು ಎಂತದೂ ಕೇಳುದಿಲ್ಲ. ಹೊಸ ಹುದ್ದೆ ಬೇಡ, ಬಿಲ್ಡಿಂಗ್ ಬೇಡ. ಪ್ರಾಸ್ಪೆಕ್ಟಸ್ಸಿನ ಮುಖ್ಯ ಪೇಜುಗಳನ್ನು ಕನ್ನಡ ಮಾಡಿಸಿ, ಪೂರ್ತಿ ಬೇಡ, ಕಾಂಬಿನೇಶನ್ ಪಟ್ಟಿ, ಶಾಲೆಯ ಪಟ್ಟಿ, ಯಾವ ಶಾಲೆಯಲ್ಲಿ ಕನ್ನಡ ಉಂಟು ಅನ್ನುದು, ಅಷ್ಟು. ಮಕ್ಕಳ ಕ್ಲಾಸನ್ನು ರಿಸಲ್ಟ್ ಬಂದ ಮೇಲೆ ಮಾಡ್ಬೇಡಿ, ಒಂಬತ್ತನೇಯಲ್ಲಿ ಒಮ್ಮೆ ಮಾಡಿ, ಹತ್ತನೇಯಲ್ಲಿ ಕ್ರಿಸ್ಮಸ್ ರಜೆ ಕಳೆದು ಇನ್ನೊಮ್ಮೆ ಮಾಡಿ. ಅಪ್ಪ ಅಮ್ಮನನ್ನು ಕರೀರಿ, ಆದ್ರೆ ಭಾನುವಾರ ಕರೀರಿ, ಕೂಲಿ ಬಿಟ್ಟು ಯಾರೂ ಬರ್ಲಿಕ್ಕಿಲ್ಲ. ಮಾತಾಡುವವರು ಕನ್ನಡದವರಾಗಿರ್ಲಿ, ತುಳು ಬಂದ್ರೆ ಇನ್ನೂ ಒಳ್ಳೆದು. ಟೈ ಕಟ್ಟಿದ ಎಕ್ಸ್‌ಪರ್ಟ್ ಬೇಕು ಅಂತಿಲ್ಲ, ಅದೇ ಶಾಲೆಯಲ್ಲಿ ಕಲಿತು ಈಗ ನರ್ಸ್ ಆದವಳು, ಪೋಲಿಟೆಕ್ನಿಕ್ ಮುಗಿಸಿದವ, ಪಿಎಸ್ಸಿ ಬರೆದು ಕನ್ನಡ ಟೀಚರ್ ಆದವಳು, ಇಂಥವರು ಒಂದೊಂದು ಊರಲ್ಲಿ ಇಬ್ಬರು ಮೂವರು ಇದ್ದೇ ಇದ್ದಾರೆ, ಅವರನ್ನು ಕೂರಿಸಿ. ಅಪ್ಲಿಕೇಶನನ್ನು ಶಾಲೆಯಲ್ಲೇ ಪೇಪರಲ್ಲಿ ಒಮ್ಮೆ ತುಂಬಿಸಿ ನೋಡ್ಲಿ ಮಕ್ಕಳು, ಸುಳ್ಳೇ ಸುಳ್ಳು, ಅಭ್ಯಾಸಕ್ಕೆ. ಅದನ್ನು ಹಿಡ್ಕೊಂಡು ನನ್ನ ಹತ್ರ ಬಂದ್ರೆ ನಾನು ಟೈಪ್ ಮಾಡ್ತೇನೆ, ಅದು ನನ್ನ ಕೆಲಸ. ಆಯ್ಕೆ ಮಾಡುದು ನನ್ನ ಕೆಲಸ ಅಲ್ಲ.

ಮತ್ತೆ ಕನ್ನಡ ಮೀಡಿಯಂನಿಂದ ಸಯನ್ಸಿಗೆ ಹೋಗುವ ಮಕ್ಕಳಿಗೆ ಕ್ಲಾಸ್ ಶುರುವಾಗುವ ಮೊದಲು ಒಂದು ಹತ್ತು ದಿನದ ಇಂಗ್ಲಿಷ್ ಶಬ್ದಗಳ ಕ್ಲಾಸು. ಹತ್ತೇ ದಿನ. ಪಾಠ ಬೇಡ, ಶಬ್ದ ಮಾತ್ರ. ನನ್ನ ನೋಟ್‌ಬುಕ್ಕಿನ ಕೊನೆಯ ಪೇಜನ್ನು ಇಲಾಖೆಯವರು ಮೊದಲ ಪೇಜಿಗೆ ತಂದ್ರೆ ಸಾಕು.

ಆ ಬೀಡಿ ಕಟ್ಟುವ ಅಮ್ಮನ ಮಗನ ಕಥೆ ಅರ್ಧಕ್ಕೆ ಬಿಟ್ಟೆ. ನಾಲ್ಕನೇ ಸಲ ಒಟಿಪಿ ಬಂತು, ಆದ್ರೆ ನಾನು ಆವತ್ತು ಆಪ್ಷನ್ ಹಾಕ್ಲಿಲ್ಲ. ಲಾಗಿನ್ ಮಾತ್ರ ಮಾಡಿ ಕೊಟ್ಟು, ಒಂದು ಹಾಳೆ ಕೊಟ್ಟು, ನಾಳೆ ಬನ್ನಿ ಅಂದೆ. ಆ ಹಾಳೆ ನಾನೇ ಕನ್ನಡದಲ್ಲಿ ಟೈಪ್ ಮಾಡಿದ್ದು, ಆ ನರ್ಸಿಂಗ್ ಹುಡುಗಿ ಬಂದು ಹೋದ ಮೇಲೆ. ಒಂದು ಬದಿಯಲ್ಲಿ "ನೀನು ಎಂತ ಆಗ್ಬೇಕು", ಎದುರಿಗೆ "ಅದಕ್ಕೆ ಯಾವ ಸಬ್ಜೆಕ್ಟ್ ಬೇಕೇ ಬೇಕು", ಕೆಳಗೆ ನಮ್ಮ ಸುತ್ತಿನ ಶಾಲೆಗಳು, ಬಸ್ಸಿನ ಟೈಮು, ಕನ್ನಡ ಉಂಟಾ ಇಲ್ವಾ. ಮರುದಿನ ಹುಡುಗ ಒಬ್ಬನೇ ಬಂದ. ಹಾಳೆಯಲ್ಲಿ ಪೆನ್ಸಿಲಿನಲ್ಲಿ ಎರಡಕ್ಕೆ ರೌಂಡ್ ಹಾಕಿದ್ದ, ಒಂದನ್ನು ಅಳಿಸಿ ಪುನಃ ಹಾಕಿದ್ದ. "ಅಕ್ಕ, ಇದರಲ್ಲಿ ಸರ್ವೇದು ಇಲ್ವಾ? ನಮ್ಮ ತೋಟ ಅಳೀಲಿಕ್ಕೆ ಒಬ್ಬರು ಬಂದಿದ್ರು, ಅದು ಎಂತ ಕಲಿಯುದು?" ಅಂತ ಕೇಳಿದ. ನನ್ನ ಹಾಳೆಯಲ್ಲಿ ಸರ್ವೇಯರ್ ಇರ್ಲಿಲ್ಲ. ಆವತ್ತೇ ಹುಡುಕಿ ಐಟಿಐಯ ಸರ್ವೇಯರ್ ಟ್ರೇಡನ್ನೂ ಪೋಲಿಯ ಸಿವಿಲನ್ನೂ ಸೇರಿಸಿದೆ.

ಆ ಹಾಳೆಯ ಒಂದು ಪ್ರತಿ ಈ ಪತ್ರದ ಜೊತೆ ಇಟ್ಟಿದ್ದೇನೆ. ನಾನು ಟೀಚರ್ ಅಲ್ಲ, ತಪ್ಪು ಇರ್ಬಹುದು. ಕೆಂಪು ಪೆನ್ನಲ್ಲಿ ತಿದ್ದಿ ವಾಪಸ್ ಕಳಿಸಿ, ಮಲಯಾಳದಲ್ಲಿ ತಿದ್ದಿದ್ರೂ ಅಡ್ಡಿ ಇಲ್ಲ, ನಾನು ಓದ್ತೇನೆ. ಏಪ್ರಿಲ್ ಕೊನೆಯೊಳಗೆ ಸಿಕ್ಕಿದ್ರೆ ಸರಿ ಮಾಡಿ ಜೆರಾಕ್ಸ್ ತೆಗೆದಿಡ್ತೇನೆ, ಹೋದ ವರ್ಷ 200 ಪ್ರತಿ ಸಾಕಾಗ್ಲಿಲ್ಲ.

ಇತಿ,
ಬದಿಯಡ್ಕ ಹತ್ತಿರದ ಅಕ್ಷಯ ಕೇಂದ್ರದ ಎರಡನೇ ಕೌಂಟರಿನವಳು